ಕೇಳಲು ಹೋಗಿ ಬ್ರೆಡ್ಡು ತಂದವಳು

ಫೆಬ್ರವರಿ ೧೦

ಪ್ರೀತಿಯ ಅಕ್ಕನಿಗೆ,

ನನ್ನ ಕೈಬರಹ ನೋಡಿ ಬಯ್ಯಬೇಡ. ಅಕ್ಷರಗಳು ಗೆರೆಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಒತ್ತಕ್ಷರ ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು ಎಂಬುದು ನಾಲ್ಕನೇ ಕ್ಲಾಸಿನ ಬೆಂಚಿನ ಮೇಲೇ ಉಳಿದುಹೋಗಿದೆ. ತಪ್ಪು ಕಂಡಲ್ಲಿ ನೀನೇ ತಿದ್ದಿಕೊಂಡು ಓದು. ಫೋನು ಮಾಡಬಾರದಾ ಎನ್ನುತ್ತೀಯ. ಫೋನಿನಲ್ಲಿ ನನಗೆ "ಹೂಂ" ಬಿಟ್ಟು ಬೇರೇನೂ ಬರುವುದಿಲ್ಲ. ಇವತ್ತು ಹೇಳಬೇಕಾದದ್ದು ಹೂಂಗಿಂತ ದೊಡ್ಡದು.

ಕಳೆದ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ನಾನು ಏಣಿ ಹತ್ತಿದೆ. ಪೀಠದ ಪಕ್ಕದ ಬಲ್ಬು ಬೆಳಗಿನಿಂದ ಕಣ್ಣು ಮಿಟುಕಿಸುತ್ತಿತ್ತು. ಅಷ್ಟರಲ್ಲಿ ಪಾದ್ರಿಗಳು, "ಯಾರೂ ಏಳಬೇಡಿ, ಮೇಡಂ ಒಂದು ಮಾತು ಹೇಳ್ತಾರೆ" ಎಂದರು. ಇಳಿಯೋಣವೆಂದರೆ ಆ ಏಣಿ ಕಿರ್ರೋ ಎನ್ನುತ್ತದೆ. ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರಲ್ಲ ಎಂದು ನಾಚಿಕೆಯಾಗಿ ಮೇಲೇ ನಿಂತೆ.

ಆ ಮೇಡಂ ಮಕ್ಕಳ ಇಲಾಖೆಯವರು. ಹೆಗಲಿಗೆ ದೊಡ್ಡ ಚೀಲ, ಹಾಗಾಗಿ ನಾನು ಮನಸ್ಸಿನಲ್ಲಿ ಚೀಲದ ಮೇಡಂ ಎಂದುಕೊಂಡಿದ್ದೇನೆ. ನಮ್ಮ ಹಿಂದಿನ ಬೀದಿಯ ಮಕ್ಕಳ ಮನೆಯ ಗೋಡೆಗಳು ಬಿರುಕು ಬಿಟ್ಟಿವೆಯಂತೆ. ಶಾಲೆಯ ಬೇಸಿಗೆ ರಜೆ ಮುಗಿಯುವುದರೊಳಗೆ ಅದನ್ನು ಮುಚ್ಚುತ್ತಾರಂತೆ. ಮನೆ ಸಿಕ್ಕ ಮಕ್ಕಳು ಮನೆಗಳಿಗೆ, ಸಿಗದವರು ದೂರದ ದೊಡ್ಡ ಊರಿನ ದೊಡ್ಡ ಹಾಸ್ಟೆಲಿಗೆ. "ದತ್ತು ಅಲ್ಲ. ಅಪ್ಪನೋ ಅಮ್ಮನೋ ಮತ್ತೆ ನೋಡಿಕೊಳ್ಳೋ ಹಾಗೆ ಆಗೋ ತನಕ ನಿಮ್ಮ ಮನೇಲಿ ಬೆಳೆಸೋದು. ಯಾರಾದರೂ ಇದ್ದೀರಾ?" ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು.

ಆಗ ಯಾರೋ "ಒಬ್ಬಳೇ ಇದ್ದರೆ ಆಗುತ್ತಾ?" ಎಂದರು. ನಮ್ಮ ಚರ್ಚಿನ ಮಾಡು ಎತ್ತರ. ಮೇಲೆ ಪಿಸುಗುಟ್ಟಿದರೂ ಕೆಳಗೆ ಭಾಷಣದ ಹಾಗೆ ಕೇಳುತ್ತದೆ. ಅದು ನನ್ನದೇ ದನಿ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲರ ಕತ್ತೂ ಮೇಲಕ್ಕೆ ಎದ್ದಿತ್ತು.

ಮೇಡಂ ಕಣ್ಣು ಕಿರಿದು ಮಾಡಿ, "ಯಾರು ಮಾತಾಡಿದ್ದು?" ಎಂದರು.

ಆರ್ಗನ್ ನುಡಿಸುವ ತಾತ, "ಮೇಲಿಂದ ಬಂತು" ಎಂದರು.

"ಮೇಲಿಂದ ಬಂದ ಮಾತು ಅಂದ್ರೆ ನಾವು ಕೇಳಲೇಬೇಕು" ಎಂದರು ಪಾದ್ರಿಗಳು. ಇಡೀ ಚರ್ಚು ನಕ್ಕಿತು. ನನ್ನ ಕೈಯಲ್ಲಿದ್ದ ಬಲ್ಬು ಬೀಳದಿದ್ದುದೇ ದೊಡ್ಡದು.

ಯಾರಿಗಾಗಿ ಕೇಳಿದೆ ಎಂದು ನಿನಗೆ ಹೇಳುತ್ತೇನೆ. ಮಕ್ಕಳ ಮನೆಯ ಹುಡುಗಿಯೊಬ್ಬಳು ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆರು ವರ್ಷ ಇರಬಹುದು, ಮುಂದಿನ ಹಲ್ಲು ಹೋಗಿದೆ. ಅವಳನ್ನು ಎಲ್ಲರೂ ಯಾಕಮ್ಮ ಎನ್ನುತ್ತಾರೆ, ಏಕೆಂದರೆ ಎಲ್ಲದಕ್ಕೂ "ಯಾಕೆ?" ಎನ್ನುತ್ತಾಳೆ. ಒಮ್ಮೆ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿದ್ದಾಗ, "ದೇವರು ಯಾಕೆ ಈಗ ಏನೂ ಹೇಳ್ತಿಲ್ಲ?" ಎಂದು ಜೋರಾಗಿ ಕೇಳಿದ್ದಳು. ನಾನು ಹಾಡಿನ ಪುಸ್ತಕಗಳನ್ನು ಎತ್ತಿಡುವಾಗ ಹಿಂದೆಯೇ ಬರುತ್ತಾಳೆ. ಅವಳ ಅಮ್ಮ ವಾಸಿಯಾಗಲು ತುಂಬ ಕಾಲ ಬೇಕಾದ ಕಾಯಿಲೆಯಿಂದ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪನ ಸುದ್ದಿ ಇಲ್ಲ.

ಅಕ್ಕ, ನೀನು ಹೂಂ ಎನ್ನುತ್ತೀಯಾ?

ನಿನ್ನ
ಇಲಿಮರಿ


ಫೆಬ್ರವರಿ ೧೯

ಇಲಿಮರಿಗೆ,

ಬೇಡ.

ಇಷ್ಟೇ ಬರೆದು ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ನೀನು ಅಳುತ್ತೀಯ ಎಂದು ಮುಂದುವರಿಸುತ್ತಿದ್ದೇನೆ.

ಮಗು ಎಂದರೆ ಪೀಠದ ಬಟ್ಟೆಯಲ್ಲ, ತೊಳೆದು ಇಸ್ತ್ರಿ ಮಾಡಿ ಬೀರುವಿನಲ್ಲಿ ಇಡಲು. ನಾನು ಆಯಾ ಆಗಿರುವ ಈ ವಾರ್ಡಿನಲ್ಲಿ ದಿನವೂ ಮಕ್ಕಳನ್ನು ನೋಡುತ್ತೇನೆ. ಜ್ವರ ಬಂದ ಮಗು ಹೆತ್ತವರನ್ನೇ ನಡುಗಿಸುತ್ತದೆ. ನೀನು ಅಂಗಡಿಯವನು ಕೊಳೆತ ಟೊಮೆಟೊ ಕೊಟ್ಟರೂ ಥ್ಯಾಂಕ್ಸ್ ಹೇಳಿ ಬರುವವಳು. ನಾಳೆ ಶಾಲೆಯಲ್ಲಿ ಟೀಚರ್ ಅವಳಿಗೆ ಅನ್ಯಾಯ ಮಾಡಿದರೆ ಹೋಗಿ ಜಗಳ ಆಡುತ್ತೀಯಾ? ಡಾಕ್ಟರ್ ಸರಿಯಾಗಿ ನೋಡದಿದ್ದರೆ ಬಾಗಿಲು ತಟ್ಟುತ್ತೀಯಾ?

ಇನ್ನೊಂದು. ಅವಳ ಅಮ್ಮ ಗುಣವಾಗಿ ಬಂದರೆ ಮಗುವನ್ನು ವಾಪಸ್ ಕೊಡಬೇಕು. ಒಂದು ಮಗುವನ್ನು ಎತ್ತಿ ಬೆಳೆಸಿ ಆಮೇಲೆ ಕೈ ಬಿಡಿಸಿಕೊಂಡು ಹೊರಡುವುದು ಎಂದರೆ ಏನು ಎಂಬುದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡ.

ಚಳಿ ಇನ್ನೂ ಹೋಗಿಲ್ಲ. ಸ್ವೆಟರ್ ಹಾಕಿಕೊಂಡು ಗಂಟೆ ಹೊಡೆ.

ಅಕ್ಕ


ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ನಿನ್ನ "ಬೇಡ"ವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಮೇಣ ಕೆರೆಯುವಾಗ ಅದನ್ನೇ ಯೋಚಿಸಿದೆ, ಬೆಂಚು ಒರೆಸುವಾಗಲೂ ಅದನ್ನೇ.

ವಾಪಸ್ ಕೊಡಬೇಕಾದ ಮಗು ಎಂದು ಬರೆದೆಯಲ್ಲ. ಅಕ್ಕ, ಈ ಚರ್ಚಿನ ಗಂಟೆ ನನ್ನದಲ್ಲ. ಬೆಂಚುಗಳು ನನ್ನವಲ್ಲ. ನಾನು ಮಲಗುವ ಕೋಣೆಯೂ ಚರ್ಚಿನದೇ. ನನ್ನದಲ್ಲದ್ದನ್ನು ಚೆನ್ನಾಗಿ ನೋಡಿಕೊಳ್ಳುವುದು, ಕೇಳಿದವರ ಕೈಗೆ ಹೊಳೆಯುವಂತೆ ಮಾಡಿ ಕೊಡುವುದು, ನನಗೆ ಸರಿಯಾಗಿ ಬರುವುದು ಅದೊಂದೇ ಕೆಲಸ. ಅವಳ ಅಮ್ಮ ಬಂದ ದಿನ ನಾನು ಅಳುತ್ತೇನೆ. ಆದರೆ ತಲೆ ಬಾಚಿ, ಹೊಟ್ಟೆ ತುಂಬಿಸಿ ಕೊಡುತ್ತೇನೆ.

ಹೇಗೆ ಗೊತ್ತು ಎಂದು ಕೇಳಬೇಡ ಎಂದೆ. ಕೇಳುವುದಿಲ್ಲ. ಅಮ್ಮ ಹೋದಾಗ ನಾನು ತೊಟ್ಟಿಲಲ್ಲಿದ್ದೆ, ನೀನು ಹನ್ನೊಂದರವಳು. ಅಷ್ಟು ನನಗೆ ಗೊತ್ತು. ಬೇರೆ ಒಂದು ಕೇಳುತ್ತೇನೆ. ಆಗ ನಿನ್ನ ಸಹಾಯಕ್ಕೆ ಯಾರಾದರೂ ಇದ್ದರಾ?

ಯಾಕೆ ಕೇಳುತ್ತಿದ್ದೇನೆಂದರೆ, ಚೀಲದ ಮೇಡಂ ಬಂದು ಮಾತಾಡಿದರು. ಮದುವೆಯಾಗದಿದ್ದರೂ ಪರವಾಗಿಲ್ಲವಂತೆ, ಓದು ಕಡಿಮೆಯಿದ್ದರೂ ಪರವಾಗಿಲ್ಲವಂತೆ. "ಆದರೆ ನಿಮಗೆ ಹುಷಾರಿಲ್ಲದಾಗ, ನಿಮಗೆ ಕೆಲಸ ಬಿದ್ದಾಗ ಮಗುವನ್ನ ಯಾರು ನೋಡ್ತಾರೆ? ಹತ್ತಿರದಲ್ಲೇ ಇರೋ ಎರಡು ಮನೆಯವರು, ನಾವಿದ್ದೀವಿ ಅಂತ ಬಾಯಿ ಬಿಟ್ಟು ಹೇಳಬೇಕು. ಅದಿಲ್ಲದೆ ನಾನು ಒಪ್ಪೋ ಹಾಗಿಲ್ಲ" ಎಂದರು. ಪಾದ್ರಿಗಳು ಆಗಲ್ಲ, ಅವರಿಗೆ ಯಾವಾಗ ಬೇಕಾದರೂ ವರ್ಗವಾಗಬಹುದು. ನೀನು ಆಗಲ್ಲ, ನೀನು ದೂರ. ತಿಂಗಳ ಕೊನೆಗೆ ಮನೆ ನೋಡಲು ಬರುತ್ತಾರೆ. ಅಷ್ಟರಲ್ಲಿ ಎರಡು ಮನೆ ಸಿಗಬೇಕು.

ನಿನಗೆ ಗೊತ್ತಲ್ಲ ಅಕ್ಕ, ಇಷ್ಟು ವರ್ಷದಲ್ಲಿ ಈ ಬೀದಿಯಲ್ಲಿ ನಾನು ಯಾರ ಹತ್ತಿರವೂ ಒಂದು ಹಿಡಿ ಉಪ್ಪು ಕೇಳಿದವಳಲ್ಲ.

ಆದರೂ ಹೊರಟೆ. ಮೊದಲು ಎದುರಿನ ಬೇಕರಿಗೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಬೇಕರಿಯಣ್ಣ ತಲೆ ಎತ್ತಿ, "ಏನಮ್ಮಾ, ಏನು ಬೇಕು?" ಎಂದರು. ನಾನು "ಬ್ರೆಡ್ಡು" ಎಂದೆ. ಕೊಟ್ಟರು. ತಂದೆ. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಅವರ ಹೆಂಡತಿ ಇದ್ದರು. ಹೆಂಗಸರಾದರೆ ಸುಲಭ ಎಂದುಕೊಂಡೆ. ಅವರು ತುಂಬ ಪ್ರೀತಿಯಿಂದ ಮಾತಾಡಿಸಿದರು, ಅದಕ್ಕೇ ಇನ್ನೂ ನಾಚಿಕೆಯಾಗಿ ಎರಡು ಬ್ರೆಡ್ಡು ತಂದೆ.

ಶವಪೆಟ್ಟಿಗೆ ಮಾಡುವ ಮೇಸ್ತ್ರಿಯ ಅಂಗಡಿ ಚರ್ಚಿನ ಗೋಡೆಗೆ ಒತ್ತಿಕೊಂಡೇ ಇದೆ. ಅವರು ಒಳ್ಳೆಯವರು, ಒಂದೇ ತೊಂದರೆ ಎಂದರೆ ನಗುವುದಿಲ್ಲ. ಅಲ್ಲಿಂದ ಮೊಳೆ ತಂದೆ. ಟೈಲರಮ್ಮನ ಮನೆಯಿಂದ ಬಿಳಿ ದಾರದ ಉಂಡೆ ತಂದೆ. ಈಗ ನನ್ನ ಮೇಜಿನ ಮೇಲೆ ಬ್ರೆಡ್ಡು, ಮೊಳೆ, ದಾರ ಎಲ್ಲ ಇದೆ. ಎರಡು ಮನೆ ಮಾತ್ರ ಇಲ್ಲ.

ಈಗ ಪ್ರತಿ ಶನಿವಾರ ಯಾಕಮ್ಮನನ್ನು ನನ್ನ ಜೊತೆ ಕಳಿಸುತ್ತಾರೆ, ಪರಿಚಯ ಆಗಲಿ ಎಂದು. ಬ್ರೆಡ್ಡಿನ ರಾಶಿ ನೋಡಿ, "ಇಷ್ಟೊಂದು ಯಾಕೆ?" ಎಂದಳು. "ಕೇಳೋಕೆ ಹೋಗಿದ್ದೆ" ಎಂದೆ. "ಏನು ಕೇಳೋಕೆ?" ಎಂದಳು. ಅದನ್ನು ಹೇಳಬಾರದು ಎಂದು ಮೇಡಂ ಹೇಳಿದ್ದಾರೆ. ಆಗುತ್ತೋ ಇಲ್ಲವೋ ಗೊತ್ತಿಲ್ಲದ ಆಸೆ ಮಗುವಿಗೆ ಹುಟ್ಟಿಸಬಾರದಂತೆ. ಜಾಮ್ ಹಚ್ಚಿ ಕೊಟ್ಟೆ. ತಿಂದು, "ನೀನು ನಾಳೇನೂ ಕೇಳೋಕೆ ಹೋಗು" ಎಂದಳು.

ನಿನ್ನ
ಇಲಿಮರಿ


ಮಾರ್ಚ್ ೨೨

ಇಲಿಮರಿಗೆ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಆಯಾಗಳ ಕೋಣೆಯಲ್ಲಿ ಓದಿದೆ. ನಾನು ಒಬ್ಬಳೇ ನಗುವುದನ್ನು ನೋಡಿ ಉಳಿದವರು ಕಿತ್ತುಕೊಂಡು ಜೋರಾಗಿ ಓದಿದರು. ಕ್ಷಮಿಸು. ಈಗ ಇಡೀ ವಾರ್ಡಿನಲ್ಲಿ ನಿನ್ನದೇ ಮಾತು. ಬೆಳಿಗ್ಗೆ ಬಂದ ಕೂಡಲೇ ನರ್ಸಮ್ಮ, "ತಂಗಿ ಇವತ್ತು ಏನು ತಂದಳು?" ಎನ್ನುತ್ತಾರೆ. ಮೇಸ್ತ್ರಿಯ ಹತ್ತಿರ ಇನ್ನೊಂದು ಸಲ ಹೋಗಬೇಡ, ಈ ಸಲ ಪೆಟ್ಟಿಗೆಯನ್ನೇ ಹೊತ್ತು ತಂದೀಯ.

ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು.

ಯಾರೂ ಇರಲಿಲ್ಲ. ಏಕೆಂದರೆ ನಾನು ಯಾರನ್ನೂ ಕೇಳಲಿಲ್ಲ. ಪಕ್ಕದ ಮನೆಯ ಅಜ್ಜಿ ದಿನವೂ ಬಾಗಿಲಲ್ಲಿ ನಿಂತು, "ಏನಾದ್ರೂ ಬೇಕೇನೇ?" ಎನ್ನುತ್ತಿದ್ದಳು. ನಾನು "ಏನೂ ಬೇಡ ಅಜ್ಜಿ" ಎನ್ನುತ್ತಿದ್ದೆ. ಒಳಗೆ ನೀನು ಕಿರುಚುತ್ತಿದ್ದೆ, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಬಾಗಿಲಿಗೆ ಅಡ್ಡ ನಿಂತು ಏನೂ ಬೇಡ ಎನ್ನುತ್ತಿದ್ದೆ. ಬೇಕು ಎಂದರೆ ಇವಳ ಕೈಲಿ ಆಗುವುದಿಲ್ಲ ಎಂದು ನಿನ್ನನ್ನು ಎಲ್ಲಿ ಎತ್ತಿಕೊಂಡು ಹೋಗುತ್ತಾರೋ ಎಂಬ ಹೆದರಿಕೆ. ಅಪ್ಪ ಕೆಲಸದಿಂದ ಬರುವಷ್ಟರಲ್ಲಿ ಮುಖ ತೊಳೆದು ನಗುತ್ತಿದ್ದೆ.

ನಿನಗೆ ನನ್ನಿಂದ ಬಂದದ್ದು ಮೂಗು ಒಂದೇ ಎಂದುಕೊಂಡಿದ್ದೆ. ಇದೂ ಬಂದಿದೆ.

ಬೇಡ ಎಂದು ಬರೆದದ್ದು ನಿನ್ನ ಕೈಲಾಗುವುದಿಲ್ಲ ಎಂದಲ್ಲ. ಕೆಲಸ ಸಿಕ್ಕಿ ನಿನ್ನನ್ನು ಅಲ್ಲಿ ಬಿಟ್ಟು ಹೊರಟ ದಿನ ಬಸ್ಸು ಹತ್ತಿದ ಮೇಲೆ ನಾನು ಕಿಟಕಿಯ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಇಳಿದುಬಿಡುತ್ತಿದ್ದೆ. ಅಷ್ಟೇ. ಆ ವಿಷಯ ಇಲ್ಲಿಗೆ ಸಾಕು.

ಈಗ ಕೇಳು. ಹೋಗಿ ಬಾಯಿ ಬಿಡು. "ನನಗೆ ಸಹಾಯ ಬೇಕು" ಎಂದು ಮೊದಲು ಹೇಳು. ಅವರು ಏನು ಬೇಕು ಎಂದು ಕೇಳುವ ಮೊದಲೇ ಹೇಳು, ಇಲ್ಲದಿದ್ದರೆ ಮತ್ತೆ ಬ್ರೆಡ್ಡು ಬರುತ್ತದೆ. ಇಲ್ಲ ಎಂದರೆ ಇಲ್ಲ ಎನ್ನುತ್ತಾರೆ. ಅದರಿಂದ ಯಾರೂ ಸಾಯುವುದಿಲ್ಲ.

ಅಕ್ಕ

ಮತ್ತೆ: ಅವಳಿಗೆ ಹಲ್ಲು ಬರುವಾಗ ಗಟ್ಟಿ ಬ್ರೆಡ್ಡು ಕೊಡು. ಮೆತ್ತಗಿನದು ಬೇಡ.


ಏಪ್ರಿಲ್ ೨

ಪ್ರೀತಿಯ ಅಕ್ಕನಿಗೆ,

ಯಾರೂ ಸಾಯುವುದಿಲ್ಲ ಎಂದು ನೀನು ಬರೆದೆ. ನಿಜ, ಯಾರೂ ಸಾಯಲಿಲ್ಲ. ಆದರೆ ಇಡೀ ಬೀದಿ ಯಾರೋ ಸತ್ತರು ಎಂದುಕೊಂಡಿತು, ಅದೂ ನನ್ನಿಂದ. ನಿಧಾನವಾಗಿ ಹೇಳುತ್ತೇನೆ. ಇದನ್ನು ವಾರ್ಡಿನಲ್ಲಿ ಜೋರಾಗಿ ಓದಿದರೂ ಪರವಾಗಿಲ್ಲ.

ನಮ್ಮ ಗಂಟೆಗೆ ಎರಡು ಮಾತು ಬರುತ್ತದೆ. ಬೆಳಗಿನ ಪ್ರಾರ್ಥನೆಗೆ ಹಗ್ಗವನ್ನು ಬಿಡದೆ ಎಳೆಯಬೇಕು, ಸದ್ದಿನ ಮೇಲೆ ಸದ್ದು ಬೀಳಬೇಕು. ಯಾರಾದರೂ ತೀರಿಕೊಂಡಾಗ ಹಾಗಲ್ಲ. ಒಮ್ಮೆ ಎಳೆದು, ಆ ಸದ್ದು ಪೂರ್ತಿ ಆರುವ ತನಕ ಕಾದು, ಆಮೇಲೆ ಇನ್ನೊಮ್ಮೆ. ಅದನ್ನು ಕೇಳಿದರೆ ಬೀದಿಯವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ.

ಮೊನ್ನೆ ಮೇಡಂ ಮನೆ ನೋಡಲು ಬರುವ ದಿನ. ನಾನು ಇನ್ನೂ ಯಾರನ್ನೂ ಕೇಳಿರಲಿಲ್ಲ. ನಿನ್ನ ಪತ್ರ ಓದಿ ಎರಡು ಸಲ ಹೋಗಿದ್ದೆ. ಒಂದು ಸಲ ಅಂಗಡಿ ಮುಚ್ಚಿತ್ತು, ನನಗೆ ಖುಷಿಯಾಯಿತು. ಇನ್ನೊಂದು ಸಲ ತೆರೆದಿತ್ತು, ಬನ್ನು ತಂದೆ.

ಬೆಳಿಗ್ಗೆ ಗಂಟೆ ಹೊಡೆಯಲು ನಿಂತೆ. ತಲೆಯೊಳಗೆ ಮೇಡಂ ಪ್ರಶ್ನೆ ಕೇಳುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ. ಹಗ್ಗ ಎಳೆದೆ. "ಹೌದು ಮೇಡಂ, ಕೋಣೆ ಚಿಕ್ಕದು, ಆದರೆ ಗಾಳಿ ಬರುತ್ತೆ." ಎಳೆದೆ. "ಇಲ್ಲ ಮೇಡಂ, ಹೊಡೆಯಲ್ಲ, ಬಯ್ಯಲಿಕ್ಕೂ ನನಗೆ ಸರಿಯಾಗಿ ಬರಲ್ಲ." ಎಳೆದೆ. "ಎರಡು ಮನೆ ಸಿಕ್ಕಿಲ್ಲ ಮೇಡಂ, ಇನ್ನೊಂದು ವಾರ ಕೊಡಿ." ಒಂದೊಂದು ಉತ್ತರವನ್ನೂ ಪೂರ್ತಿ ಮುಗಿಸಿಯೇ ಮುಂದಿನ ಸಲ ಎಳೆಯುತ್ತಿದ್ದೆ ಅಕ್ಕ. ನನಗೆ ಗೊತ್ತೇ ಆಗಲಿಲ್ಲ.

ಮೊದಲು ಬೇಕರಿಯಣ್ಣ ಓಡಿ ಬಂದರು, ಮೊಣಕೈ ತನಕ ಹಿಟ್ಟು. ಹಿಂದೆ ಅವರ ಹೆಂಡತಿ. "ಯಾರು?" ಎಂದರು. ನಾನು ಅವರು ನನ್ನ ಬ್ರೆಡ್ಡಿನ ಬಾಕಿ ಕೇಳಲು ಬಂದರೇನೋ ಎಂದು ನೋಡುತ್ತಾ ನಿಂತೆ. ಅಷ್ಟರಲ್ಲಿ ಟೈಲರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದರು. "ಪಾಪ, ಒಳ್ಳೆ ಮನುಷ್ಯ" ಎಂದರು.

"ಯಾರು?" ಎಂದರು ಬೇಕರಿಯಣ್ಣ.

"ಇನ್ಯಾರು, ಆರ್ಗನ್ ತಾತ. ಮೊನ್ನೆ ಕೆಮ್ಮುತ್ತಿದ್ದರು."

ಬೇಕರಿಯತ್ತಿಗೆ ಗೋಡೆಗೆ ಒರಗಿ, "ನಿನ್ನೆ ತಾನೇ ರಸ್ಕು ತಗೊಂಡು ಹೋದ್ರಲ್ಲ" ಎಂದು ಅತ್ತರು.

ಆಗ ಗೇಟಿನಲ್ಲಿ ಆರ್ಗನ್ ತಾತ ಕಂಡರು. ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು. ಏದುಸಿರು ಬಿಡುತ್ತಾ, "ಯಾರಮ್ಮಾ ಹೋದ್ರು?" ಎಂದರು.

ಟೈಲರಮ್ಮ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿ, "ನೀವಲ್ವಾ?" ಎಂದರು.

"ನನಗೆ ಯಾರೂ ಹೇಳಲಿಲ್ಲ" ಎಂದರು ತಾತ.

ಪಾದ್ರಿಗಳು ಮುಖಕ್ಕೆ ಅರ್ಧ ಸೋಪಿನ ನೊರೆ ಇಟ್ಟುಕೊಂಡೇ ಬಂದರು. ಕೊನೆಗೆ ಮೇಸ್ತ್ರಿ ಬಂದರು, ಕೈಯಲ್ಲಿ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲು. ಅವರು ಯಾರು ಎನ್ನಲಿಲ್ಲ. "ಉದ್ದ ಎಷ್ಟು?" ಎಂದರು.

ಚೀಲದ ಮೇಡಂ ಕಾಲಿಟ್ಟದ್ದು ಆಗ. ಅಂಗಳದ ತುಂಬ ಜನ, ಅಳುವ ಅತ್ತಿಗೆ, ಟೇಪು ಹಿಡಿದ ಮೇಸ್ತ್ರಿ. "ಅಯ್ಯೋ, ನಾನು ಇನ್ನೊಂದು ದಿನ ಬರ್ತೀನಿ" ಎಂದು ಹಿಂದೆ ತಿರುಗಿದರು.

ಅವರು ಹೋದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ಹಾಸ್ಟೆಲಿನ ಬಸ್ಸು ಹೊರಟುಬಿಡುತ್ತದೆ. ಈಗ ಏಣಿ ಇರಲಿಲ್ಲ, ಮೇಲೆ ಮಾಡೂ ಇರಲಿಲ್ಲ, ಅಂಗಳದಲ್ಲಿ ನನ್ನ ದನಿ ಎಷ್ಟಿದೆಯೋ ಅಷ್ಟೇ.

"ಯಾರೂ ಸತ್ತಿಲ್ಲ" ಎಂದೆ. ಯಾರಿಗೂ ಕೇಳಲಿಲ್ಲ. "ಯಾರೂ ಸತ್ತಿಲ್ಲ!" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ತಿರುಗಿದರು. "ನನ್ನದೇ ತಪ್ಪು. ಏನೋ ಯೋಚನೆ ಮಾಡ್ತಾ ಗಂಟೆ ನಿಧಾನ ಆಯ್ತು. ಕ್ಷಮಿಸಿ. ಆದ್ರೆ ಹೋಗಬೇಡಿ. ಯಾರೂ ಹೋಗಬೇಡಿ. ನನಗೆ ಸಹಾಯ ಬೇಕು."

ಅಕ್ಕ, ಹೇಳಿಬಿಟ್ಟೆ. ಒಮ್ಮೆ ಹೊರಬಿದ್ದ ಮೇಲೆ ನಿಲ್ಲಲೇ ಇಲ್ಲ. ಯಾಕಮ್ಮನ ವಿಷಯ, ಎರಡು ಮನೆಯ ವಿಷಯ ಎಲ್ಲ ಹೇಳಿದೆ. "ನಾನು ಗಂಟೆ ಹೊಡೆಯೋವಾಗ, ನನಗೆ ಜ್ವರ ಬಂದಾಗ, ಅವಳಿಗೆ ಹೋಗಿ ಕೂರೋಕೆ ಒಂದು ಮನೆ ಬೇಕು. ಇದನ್ನ ಕೇಳೋಕೇ ನಿಮ್ಮ ಅಂಗಡಿಗೆ ಬರ್ತಿದ್ದೆ ಅಣ್ಣ. ಬಾಯಿ ಬರದೆ ಬ್ರೆಡ್ಡು ತಗೊಂಡು ಹೋಗ್ತಿದ್ದೆ."

ಬೇಕರಿಯಣ್ಣನ ಮುಖ ಸಣ್ಣದಾಯಿತು. "ಅಂದ್ರೆ ನಮ್ಮ ಬ್ರೆಡ್ಡು ಇಷ್ಟ ಆಗಿ ಅಲ್ವಾ? ಒಬ್ಬಳೇ ಇದ್ದು ದಿನಾ ಬ್ರೆಡ್ಡು ಒಯ್ತಾಳೆ, ನನ್ನ ಕೈ ರುಚಿ ಅಂಥದ್ದು ಅಂತ ಇವಳ ಹತ್ರ ಜಂಬ ಕೊಚ್ಚಿದ್ದೇ ಕೊಚ್ಚಿದ್ದು."

"ನಾನು ಅವತ್ತೇ ಹೇಳಲಿಲ್ವಾ, ಉಪ್ಪು ಜಾಸ್ತಿ ಅಂತ" ಎಂದರು ಅತ್ತಿಗೆ ಕಣ್ಣೊರೆಸಿಕೊಂಡು. ಆಮೇಲೆ ಮೇಡಂ ಕಡೆ ತಿರುಗಿ, "ಮೊದಲನೇ ಮನೆ ನಮ್ಮದು. ಓವನ್ ಪಕ್ಕ ಬೆಚ್ಚಗಿರುತ್ತೆ, ಅಲ್ಲೇ ಕೂತು ಪಾಠ ಬರೆದುಕೊಳ್ಳಲಿ" ಎಂದರು.

"ಎರಡನೇದು ನಂದು" ಎಂದರು ಟೈಲರಮ್ಮ.

"ಎರಡನೇದು ನಂದು. ಗೋಡೆ ಪಕ್ಕದಲ್ಲೇ ಇರೋದು ನಾನು" ಎಂದರು ಮೇಸ್ತ್ರಿ.

"ಮಗು ಶವಪೆಟ್ಟಿಗೆ ಮೇಲೆ ಕೂತು ಓದಬೇಕಾ?"

"ಯಾಕೆ, ಒಳ್ಳೆ ಮರ. ನಿಮ್ಮ ಮಷೀನಿಗೆ ಬೆರಳು ಕೊಡೋದಕ್ಕಿಂತ ವಾಸಿ."

ಆರ್ಗನ್ ತಾತ ನಡುವೆ ಬಂದು, "ನಾನು ಸತ್ತಿಲ್ಲ ಅಂತ ಗೊತ್ತಾಯ್ತಲ್ಲ, ನನ್ನ ಹೆಸರೂ ಬರ್ಕೊಳ್ಳಿ" ಎಂದರು. ಮೇಡಂ ಚೀಲ ಕೆಳಗಿಟ್ಟು ನಕ್ಕರು. "ನಾನು ಎರಡು ಕೇಳಿದ್ದು" ಎಂದರು. ನಗು ನಿಂತ ಮೇಲೆ ಗಂಭೀರವಾಗಿ ಒಬ್ಬೊಬ್ಬರ ಹತ್ತಿರವೂ ಮಾತಾಡಿದರು. ಮಗು ಹಟ ಮಾಡಿದರೆ? ಅಮ್ಮನ ನೆನಪಾಗಿ ಅತ್ತರೆ? ಅವಳ ಅಮ್ಮ ಬಂದು ಕರೆದುಕೊಂಡು ಹೋದರೆ ಇವಳನ್ನು ಯಾರು ಸಮಾಧಾನ ಮಾಡುತ್ತೀರಿ? ಕೊನೆಯದನ್ನು ನನ್ನನ್ನು ತೋರಿಸಿ ಕೇಳಿದರು. ಅದಕ್ಕೆ ಯಾರೂ ತಮಾಷೆ ಮಾಡಲಿಲ್ಲ. "ನಾವು" ಎಂದರು ಅತ್ತಿಗೆ ಅಷ್ಟೇ.

ಕೋಣೆ ನೋಡಲು ಎಲ್ಲರೂ ಒಳಗೆ ನುಗ್ಗಿದರು. ಮಂಚಕ್ಕೆ ಜಾಗ ಕಿಟಕಿಯ ಕೆಳಗೆ ಎಂದು ತೀರ್ಮಾನವಾಯಿತು. ಮೇಸ್ತ್ರಿ ಟೇಪು ಬಿಚ್ಚಿ, "ಮಗು ಉದ್ದ ಎಷ್ಟು?" ಎಂದರು. ಯಾರಿಗೂ ಗೊತ್ತಿರಲಿಲ್ಲ. ನಾನು ನನ್ನ ಏಪ್ರನ್ನಿನ ಮೇಲೆ ಕೈ ಇಟ್ಟು, "ಅವಳ ತಲೆ ಇಲ್ಲಿಗೆ ಬರುತ್ತೆ" ಎಂದೆ. ಅವರು ಬಗ್ಗಿ ನೆಲದಿಂದ ನನ್ನ ಕೈ ತನಕ ಅಳೆದರು. ಆಮೇಲೆ ಟೇಪನ್ನು ಇನ್ನೂ ಒಂದು ಗೇಣು ಎಳೆದು ಗುರುತು ಹಾಕಿಕೊಂಡರು. "ಬೆಳೀತಾಳಲ್ಲ" ಎಂದರು. "ಇಷ್ಟು ವರ್ಷ ನನ್ನ ಕೆಲಸದಲ್ಲಿ ಅಳತೆ ಅಂದ್ರೆ ಅಳತೆ. ಬೆಳೆಯೋದಕ್ಕೆ ಅಂತ ಬಿಡೋ ಹಾಗೇ ಇರಲಿಲ್ಲ."

ಅಕ್ಕ, ಮೇಸ್ತ್ರಿ ನಕ್ಕರು.

ನಿನ್ನ
ಇಲಿಮರಿ


ಏಪ್ರಿಲ್ ೧೧

ಇಲಿಮರಿಗೆ,

ಜೋರಾಗಿ ಓದಿದೆವು. ಎರಡು ಸಲ. ನಡೆಯಲಾಗದ ರೋಗಿಯೊಬ್ಬರು ಮೂರನೆಯ ಸಲ ಓದಿಸಿದರು. ಆರ್ಗನ್ ತಾತನಿಗೆ ವಾರ್ಡಿನವರ ನಮಸ್ಕಾರ ತಿಳಿಸು. ಕೆಮ್ಮಿಗೆ ಬೆಚ್ಚಗಿನ ನೀರು ಕುಡಿಯಲಿ.

ನೀನು ಕೂಗಿದ್ದನ್ನು ಕೇಳಲು ನಾನು ಅಲ್ಲಿರಬೇಕಿತ್ತು. ಬೇರೇನೂ ಬರೆಯಲು ತೋಚುತ್ತಿಲ್ಲ. ಇಲ್ಲಿ ಕಣ್ಣಿಗೆ ಏನೋ ಔಷಧಿಯ ಘಾಟು ಹೊಡೆಯುತ್ತಿದೆ.

ರಜೆ ಕೇಳಿದ್ದೇನೆ. ಕೇಳುವುದನ್ನು ನಾನೂ ಕಲಿಯುತ್ತಿದ್ದೇನೆ. ಮೇಟ್ರನ್ ಮೇಡಂ ಯಾಕೆ ಎಂದರು, "ನಮ್ಮ ಮನೆಗೆ ಮಗು ಬರ್ತಿದೆ" ಎಂದೆ. ಜೂನ್ ಮೊದಲ ವಾರ ಬರುತ್ತೇನೆ. ಅವಳು ನನ್ನನ್ನು ದೊಡ್ಡಮ್ಮ ಎನ್ನಬೇಕು, ಈಗಿನಿಂದಲೇ ಹೇಳಿಕೊಡು. ಆಂಟಿ ಎಂದರೆ ಬಂದ ಬಸ್ಸಿನಲ್ಲೇ ವಾಪಸ್ ಹೋಗುತ್ತೇನೆ.

ಮೊದಲ ದಿನಗಳಲ್ಲಿ ಅವಳು ನಿನ್ನ ಹತ್ತಿರ ಬಾರದೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡ. ನೀನೂ ಹಾಗೇ ಇದ್ದೆ, ನನ್ನ ಕೈಗೆ ಸಿಗದೆ ಮಂಚದಡಿ ಹೋಗಿ ಕೂರುತ್ತಿದ್ದೆ. ನಾನು ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ.

ಅಕ್ಕ


ಮೇ ೧೯

ಪ್ರೀತಿಯ ಅಕ್ಕನಿಗೆ,

ಬಂದಳು. ಒಂದು ವಾರವಾಯಿತು. ಬರೆಯಲು ಕೂತರೆ ಪೆನ್ನು ಕಿತ್ತುಕೊಳ್ಳುತ್ತಾಳೆ, ಈಗ ಬೇಕರಿಯತ್ತಿಗೆಯ ಹತ್ತಿರ ಹಿಟ್ಟಿನ ಆನೆ ಮಾಡಲು ಹೋಗಿದ್ದಾಳೆ.

ನೀನು ಹೇಳಿದ ಹಾಗೆಯೇ ಆಯಿತು. ಮಕ್ಕಳ ಮನೆ ನೋಡಿಕೊಳ್ಳುವ ಹೆಂಗಸು ಅವಳನ್ನು ಬಿಟ್ಟು ಹೋದ ಮೇಲೆ, ಶನಿವಾರಗಳಲ್ಲಿ ಇಡೀ ಕೋಣೆ ತಲೆ ಕೆಳಗು ಮಾಡುತ್ತಿದ್ದ ಹುಡುಗಿ ಬಾಗಿಲ ಹತ್ತಿರವೇ ನಿಂತಳು. ಬಟ್ಟೆಯ ಚೀಲ ಬಿಚ್ಚಲು ಬಿಡಲಿಲ್ಲ. ಚಪ್ಪಲಿ ಬಿಚ್ಚಲಿಲ್ಲ. ಎರಡು ದಿನ ಒಂದು "ಯಾಕೆ" ಕೂಡ ಬರಲಿಲ್ಲ ಅಕ್ಕ. ಆ ಮೌನ ನನಗೆ ತಡೆಯಲಾಗಲಿಲ್ಲ, ಹೂಂ ಬಿಟ್ಟು ಬೇರೇನೂ ಬಾರದ ನನಗೇ ಆಗಲಿಲ್ಲ ಎಂದರೆ ನೋಡು. ನಾನು ಎಳೆಯಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಮೇಣದ ಬತ್ತಿಯ ತಟ್ಟೆಗಳನ್ನು ಉಜ್ಜಿದೆ. ಎಷ್ಟು ಉಜ್ಜಿದೆ ಎಂದರೆ ಪಾದ್ರಿಗಳು ಬಂದು, "ಸಾಕಮ್ಮ, ತೂತು ಬಿದ್ದೀತು" ಎಂದರು.

ಮೂರನೆಯ ದಿನ ಅವಳು ಒಂದು ತಟ್ಟೆ ಎತ್ತಿಕೊಂಡು ತನ್ನ ಮುಖ ನೋಡಿಕೊಂಡಳು. "ಇದರಲ್ಲಿ ನನ್ನ ಮೂಗು ಯಾಕೆ ದಪ್ಪ?" ಎಂದಳು. ನಾನು ಎದ್ದು ಹಿಂದಿನ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಆಮೇಲೆ ಬಾಯಿ ಬಿಟ್ಟದ್ದು ಮುಚ್ಚಿಲ್ಲ. ಟೈಲರಮ್ಮನಿಗೆ "ನಿಮಗೆ ಮೀಸೆ ಯಾಕೆ?" ಎಂದಳು. ಮೇಸ್ತ್ರಿ ಮಂಚ ಹೊತ್ತು ತಂದು ಇಟ್ಟಾಗ, "ಇದಕ್ಕೆ ಮುಚ್ಚಳ ಯಾಕಿಲ್ಲ?" ಎಂದಳು. ಅವರು ಬಾಗಿಲ ಹೊರಗೆ ಹೋಗಿ ಗೋಡೆ ಹಿಡಿದುಕೊಂಡು ನಕ್ಕರು. ಅವಳ ಅಮ್ಮನಿಗೆ ಪತ್ರ ಬರೆಯುತ್ತಿದ್ದೇವೆ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ, ಕೆಳಗೆ ಅವಳೇ ಚಿತ್ರ ಹಾಕುತ್ತಾಳೆ. ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅಲ್ಲಿಯ ತನಕ ಇಲ್ಲೇನಾ ಎಂದಳು. ಹೌದು ಎಂದೆ. ಯಾಕೆ ಎಂದು ಕೇಳಲಿಲ್ಲ.

ಒಂದು ಮಾತ್ರ ಒಪ್ಪುತ್ತಿರಲಿಲ್ಲ. ಅವಳ ಉಗುರು ತುಂಬ ಬೆಳೆದಿತ್ತು. ಮಕ್ಕಳ ಮನೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕತ್ತರಿಸುತ್ತಿದ್ದರಂತೆ, ಒಮ್ಮೆ ಚರ್ಮಕ್ಕೆ ತಾಗಿತ್ತಂತೆ. ನಾನು ಉಗುರು ಕತ್ತರಿ ತೆಗೆದರೆ ಸಾಕು, ಎರಡು ಕೈಯನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ನಾನು ಬಲವಂತ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಹೊಸಿಲ ಮೇಲೆ ಬಿಸಿಲಿಗೆ ಕೂತು ನನ್ನ ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಡಗೈ ತೆಗೆದು ನನ್ನ ತೊಡೆಯ ಮೇಲಿಟ್ಟು, ಮುಖ ಆಚೆ ತಿರುಗಿಸಿಕೊಂಡಳು. ಒಂದೊಂದೇ ಬೆರಳು ಹಿಡಿದು ನಿಧಾನವಾಗಿ ಕತ್ತರಿಸಿದೆ. ಮುಗಿದ ಮೇಲೆ ಬಲಗೈಗೆ ಕೈ ಚಾಚಿದೆ. ಅವಳು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಇದು ನಾಳೆ" ಎಂದಳು.

ನಿನ್ನ
ಇಲಿಮರಿ